ಮನೆಯಲ್ಲಿ ಲಭ್ಯವಿರುವ ವಸ್ತುಗಳಿಂದ ಪ್ರಥಮ ಚಿಕಿತ್ಸೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸುಟ್ಟ ಗಾಯ, ರಕ್ತಸ್ರಾವ, ಮೂಳೆ ಮುರಿತ, ಹಾವು ಕಡಿತ, ನಾಯಿ ಕಡಿತ, ವಾಂತಿ-ಭೇದಿ ಮುಂತಾದ ತುರ್ತು ಸಂದರ್ಭಗಳು ಯಾವುದೇ ಮುನ್ಸೂಚನೆಯಿಲ್ಲದೆ ಒದಗುತ್ತವೆ. ವೈದ್ಯಕೀಯ ನೆರವು ತಲುಪುವವರೆಗಿನ ಅವಧಿಯಲ್ಲಿ ಬಾಧಿತ ವ್ಯಕ್ತಿಯ ಬಳಿ ಇರುವವರು ಮನೆಯವರು ಅಥವಾ ನೆರೆಹೊರೆಯವರು ಮಾತ್ರ. ಅವರ ಬಳಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇಲ್ಲದಿರಬಹುದು. ಆದರೆ ನೀರು, ಸಾಬೂನು, ಒಗೆದ ಹತ್ತಿ ಬಟ್ಟೆ, ಹಳೆಯ ದಿನಪತ್ರಿಕೆ, ಉಪ್ಪು, ಸಕ್ಕರೆ ಇವು ಬಹುತೇಕ ಎಲ್ಲ ಮನೆಗಳಲ್ಲಿಯೂ ಇರುತ್ತವೆ. ಇವುಗಳನ್ನು ಸರಿಯಾಗಿ ಬಳಸಿದಲ್ಲಿ ಪ್ರಾಣ ಉಳಿಸಲು ಮತ್ತು ಅಂಗವೈಕಲ್ಯ ತಪ್ಪಿಸಲು ಸಾಧ್ಯವಿದೆ.

ಇದೇ ವೇಳೆಯಲ್ಲಿ, ಅದೇ ಅಡುಗೆಮನೆಯ ಅರಿಶಿನ, ಕಾಫಿಪುಡಿ, ದೋಸೆಹಿಟ್ಟು, ಸುಣ್ಣ, ಹಗ್ಗ ಮುಂತಾದವುಗಳನ್ನು ತಪ್ಪಾಗಿ ಬಳಸುವುದರಿಂದ ಗಾಯವು ಉಲ್ಬಣಗೊಳ್ಳುತ್ತದೆ ಹಾಗೂ ಆಸ್ಪತ್ರೆಗೆ ತಲುಪುವುದು ವಿಳಂಬವಾಗುತ್ತದೆ. ಆದ್ದರಿಂದ ಯಾವ ವಸ್ತುವನ್ನು ಬಳಸಬಹುದು, ಯಾವುದನ್ನು ಬಳಸಬಾರದು ಮತ್ತು ಎಷ್ಟು ಸಮಯ ಬಳಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

2. ಮೂಲ ತತ್ತ್ವ

ಗಾಯ, ಕಡಿತ ಮತ್ತು ಅಪಘಾತದ ಸಂದರ್ಭದಲ್ಲಿ ಮನೆಯ ವಸ್ತುಗಳಿಂದ ಮಾಡಬಹುದಾದ ಕೆಲಸಗಳು ನಾಲ್ಕು:

(ಅ) ಒತ್ತುವುದು – ರಕ್ತಸ್ರಾವ ನಿಲ್ಲಿಸಲು
(ಆ) ತಂಪುಗೊಳಿಸುವುದು – ಸುಟ್ಟ ಗಾಯ, ಉಳುಕು ಮತ್ತು ಬಿಸಿಲಿನ ಆಘಾತಕ್ಕೆ
(ಇ) ತೊಳೆಯುವುದು – ಪ್ರಾಣಿ ಕಡಿತ, ಕಣ್ಣಿಗೆ ಅಥವಾ ಚರ್ಮಕ್ಕೆ ರಾಸಾಯನಿಕ ತಗುಲಿದಾಗ
(ಈ) ಅಲುಗಾಡದಂತೆ ಇರಿಸುವುದು – ಮೂಳೆ ಮುರಿತ ಮತ್ತು ಹಾವು ಕಡಿತಕ್ಕೆ

ವಾಂತಿ-ಭೇದಿಯಲ್ಲಿ ಮಾತ್ರ ಐದನೆಯದಾಗಿ ಕುಡಿಸುವುದು ಸೇರುತ್ತದೆ. ಗಾಯಕ್ಕೆ ಏನನ್ನಾದರೂ ಹಚ್ಚುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು, ಬಲವಂತವಾಗಿ ವಾಂತಿ ಮಾಡಿಸುವುದು ಇವು ಪ್ರಥಮ ಚಿಕಿತ್ಸೆಯಲ್ಲ. ಯಾವುದೇ ವಸ್ತುವನ್ನು ಕೈಗೆತ್ತಿಕೊಳ್ಳುವ ಮುನ್ನ ಅದು ಮೇಲ್ಕಂಡ ಕೆಲಸಗಳಲ್ಲಿ ಯಾವುದನ್ನು ಮಾಡುತ್ತದೆ ಎಂಬುದನ್ನು ಆಲೋಚಿಸಿದಲ್ಲಿ ಬಹುಪಾಲು ತಪ್ಪುಗಳು ತಾವಾಗಿಯೇ ನಿವಾರಣೆಯಾಗುತ್ತವೆ.

3. ಮೊದಲು ಅನುಸರಿಸಬೇಕಾದ ಕ್ರಮಗಳು

(ಅ) ನೆರವು ನೀಡುವವರು ಮೊದಲು ತಮ್ಮ ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮನೆಯೊಳಗೆ ವಿದ್ಯುತ್ ಆಘಾತವಾಗಿದ್ದಲ್ಲಿ ಮುಖ್ಯ ಸ್ವಿಚ್ಚನ್ನು ಆರಿಸುವ ಮುನ್ನ ವ್ಯಕ್ತಿಯನ್ನು ಮುಟ್ಟಬಾರದು. ಬೀದಿಯಲ್ಲಿ ಅಥವಾ ಹೊಲದಲ್ಲಿ ವಿದ್ಯುತ್ ತಂತಿ ತುಂಡಾಗಿ ಬಿದ್ದಿದ್ದಲ್ಲಿ ಕೋಲಿನಿಂದಲೂ ಅದನ್ನು ಸರಿಸಲು ಪ್ರಯತ್ನಿಸದೆ, ದೂರದಲ್ಲಿದ್ದು ವಿದ್ಯುತ್ ಸರಬರಾಜು ಕಂಪನಿಯ 1912 ಸಂಖ್ಯೆಗೆ ತಿಳಿಸಬೇಕು.

(ಆ) 108 ಸಂಖ್ಯೆಗೆ ಕರೆ ಮಾಡಬೇಕು. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಹೆಸರಿನ ಈ ಉಚಿತ ಆಂಬ್ಯುಲೆನ್ಸ್ ಸೇವೆಯು 2008ರ ನವೆಂಬರ್ 1ರಂದು ಆರಂಭಗೊಂಡಿತು. ಪೊಲೀಸ್ ಅಥವಾ ಅಗ್ನಿಶಾಮಕ ನೆರವು ಸಹ ಬೇಕಾದಲ್ಲಿ 112ಕ್ಕೆ ಕರೆ ಮಾಡಬಹುದು. ಕರೆ ಮಾಡುವವರು ಗ್ರಾಮ ಅಥವಾ ಬಡಾವಣೆಯ ಹೆಸರು, ಸಮೀಪದ ಗುರುತು (ದೇವಸ್ಥಾನ, ಶಾಲೆ, ಬಸ್ ನಿಲ್ದಾಣ), ಬಾಧಿತರ ಸಂಖ್ಯೆ ಮತ್ತು ಸ್ಥಿತಿಯನ್ನು ತಿಳಿಸಬೇಕು. ಎದುರಿನವರು ಹೇಳುವವರೆಗೆ ಕರೆಯನ್ನು ಕಡಿತಗೊಳಿಸಬಾರದು.

(ಇ) ಒಬ್ಬರು ಚಿಕಿತ್ಸೆಯಲ್ಲಿ ತೊಡಗಿರುವಾಗ ಮತ್ತೊಬ್ಬರನ್ನು ವಾಹನಕ್ಕೆ ದಾರಿ ತೋರಿಸಲು ಮುಖ್ಯರಸ್ತೆಗೆ ಕಳುಹಿಸುವುದು ಸೂಕ್ತ. ರಾತ್ರಿ ವೇಳೆಯಲ್ಲಿ ಅವರ ಕೈಯಲ್ಲಿ ಬ್ಯಾಟರಿ ಇರಲಿ.

(ಈ) ಪ್ರಜ್ಞೆ ಇಲ್ಲದವರಿಗೆ ನೀರು, ಕಾಫಿ, ಔಷಧ ಇತ್ಯಾದಿ ಏನನ್ನೂ ಬಾಯಿಗೆ ಹಾಕಬಾರದು. ಉಸಿರಾಟ ಇದ್ದಲ್ಲಿ ಅವರನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಉಸಿರಾಟ ಇಲ್ಲದಿದ್ದಲ್ಲಿ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಇದ್ದಲ್ಲಿ ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಲ್ಲಿ 5ರಿಂದ 6 ಸೆಂ.ಮೀ. ಆಳಕ್ಕೆ, ನೆರವು ಬರುವವರೆಗೂ ಒತ್ತುತ್ತಿರಬೇಕು.

(ಉ) ಗಡಿಯಾರವನ್ನು ನೋಡಬೇಕು. ಪ್ರಥಮ ಚಿಕಿತ್ಸೆಯಲ್ಲಿ ಅತಿ ಹೆಚ್ಚಾಗಿ ಮರೆಯಲಾಗುವ ಗೃಹಬಳಕೆಯ ಸಾಧನವೆಂದರೆ ಗೋಡೆ ಗಡಿಯಾರ. ಗಾಬರಿಯಲ್ಲಿ ಎರಡು ನಿಮಿಷವು ಇಪ್ಪತ್ತು ನಿಮಿಷದಂತೆ ಭಾಸವಾಗುವುದರಿಂದ ಒತ್ತುವುದನ್ನು, ತೊಳೆಯುವುದನ್ನು ಬಹಳ ಬೇಗ ನಿಲ್ಲಿಸಿಬಿಡುವುದು ಸಾಮಾನ್ಯ ತಪ್ಪಾಗಿದೆ. ನೆನಪಿನಲ್ಲಿಡಬೇಕಾದ ಅವಧಿಗಳು: ರಕ್ತಸ್ರಾವಕ್ಕೆ ಒತ್ತುವುದು 10 ನಿಮಿಷ, ಪ್ರಾಣಿ ಕಡಿತಕ್ಕೆ ತೊಳೆಯುವುದು 15 ನಿಮಿಷ, ಸುಟ್ಟ ಗಾಯಕ್ಕೆ ನೀರು 20 ನಿಮಿಷ.

4. ಗೃಹಬಳಕೆಯ ವಸ್ತುಗಳು ಮತ್ತು ಅವುಗಳ ಉಪಯೋಗ

- ಒಗೆದು ಒಣಗಿಸಿದ ಹತ್ತಿ ಬಟ್ಟೆ (ಪಂಚೆ, ಹಳೆಯ ಸೀರೆ, ಟವೆಲ್): ಗಾಯವನ್ನು ಒತ್ತಿ ಹಿಡಿಯಲು, ಪಟ್ಟಿ ಕಟ್ಟಲು
- ದುಪಟ್ಟಾ ಅಥವಾ ಶಾಲು: ಮುರಿದ ಕೈಯನ್ನು ಕುತ್ತಿಗೆಯಿಂದ ತೂಗುಹಾಕಲು
- ದಿನಪತ್ರಿಕೆ, ರಟ್ಟು, ಛತ್ರಿ, ಬಿದಿರಿನ ದಬ್ಬೆ: ಮುರಿದ ಅಂಗಕ್ಕೆ ಆಸರೆಯಾಗಿ
- ಸ್ವಚ್ಛವಾದ ಪ್ಲಾಸ್ಟಿಕ್ ಚೀಲ: ಕೈಗವಸಿನ ಬದಲಿಗೆ, ಸುಟ್ಟ ಕೈ ಅಥವಾ ಪಾದವನ್ನು ಮುಚ್ಚಲು
- ಬಕೆಟ್ ಮತ್ತು ಚೊಂಬು: ನಲ್ಲಿ ನೀರು ಇಲ್ಲದ ಕಡೆ ನೀರು ಹರಿಸಲು
- ಸಾಬೂನು: ನಾಯಿ ಮತ್ತಿತರ ಪ್ರಾಣಿ ಕಡಿತದ ಗಾಯ ತೊಳೆಯಲು
- ಸಕ್ಕರೆ, ಉಪ್ಪು, ಚಹಾ ಚಮಚ, ಒಂದು ಲೀಟರ್ ಅಳತೆಯ ಬಾಟಲಿ: ವಾಂತಿ-ಭೇದಿಯಲ್ಲಿ ಪುನರ್ಜಲೀಕರಣ ದ್ರಾವಣ ತಯಾರಿಸಲು
- ಪೆನ್ನು ಮತ್ತು ಕಾಗದ: ಘಟನೆಯ ಸಮಯ, ಸೇವಿಸಿದ ವಸ್ತು ಮುಂತಾದ ವಿವರಗಳನ್ನು ಬರೆದು ವೈದ್ಯರಿಗೆ ನೀಡಲು

5. ರಕ್ತಸ್ರಾವ

ಕುಡುಗೋಲು, ಮಚ್ಚು, ಈಳಿಗೆಮಣೆ, ಗಾಜು ಮುಂತಾದವುಗಳಿಂದಾದ ಗಾಯದಲ್ಲಿ ರಕ್ತ ಹರಿಯುತ್ತಿದ್ದರೆ ಒಗೆದ ಬಟ್ಟೆಯನ್ನು ದಪ್ಪವಾಗಿ ಮಡಿಸಿ ನೇರವಾಗಿ ಗಾಯದ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಬೇಕು. ಒತ್ತುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಧರಿಸುವುದು ಒಳಿತು. ಕನಿಷ್ಠ 10 ನಿಮಿಷಗಳವರೆಗೆ, ರಕ್ತ ನಿಂತಿದೆಯೇ ಎಂದು ಬಟ್ಟೆ ಎತ್ತಿ ನೋಡದೆ ಒತ್ತಿ ಹಿಡಿಯಬೇಕು. ಎತ್ತಿದಾಗಲೆಲ್ಲ ಹೆಪ್ಪುಗಟ್ಟುತ್ತಿರುವ ರಕ್ತ ಕಿತ್ತುಬಂದು ಸ್ರಾವವು ಪುನಃ ಆರಂಭವಾಗುತ್ತದೆ. ಬಟ್ಟೆ ನೆನೆದಲ್ಲಿ ಅದನ್ನು ತೆಗೆಯದೆ, ಅದರ ಮೇಲೆ ಮತ್ತೊಂದು ಬಟ್ಟೆ ಇರಿಸಿ ಇನ್ನೂ ಬಲವಾಗಿ ಒತ್ತಬೇಕು.

ಗಾಯದಲ್ಲಿ ಚಾಕು, ಕಬ್ಬಿಣ, ಗಾಜು ಇತ್ಯಾದಿ ನೆಟ್ಟುಕೊಂಡಿದ್ದರೆ ಅದನ್ನು ಕೀಳಬಾರದು. ಅದರ ಸುತ್ತಲೂ ಬಟ್ಟೆಯ ಸುರುಳಿ ಇಟ್ಟು, ಅಲುಗದಂತೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅರಿಶಿನ, ಕಾಫಿಪುಡಿ, ಬೂದಿ, ಸಗಣಿ, ಸಕ್ಕರೆ ಇವುಗಳನ್ನು ತೆರೆದ ಗಾಯಕ್ಕೆ ತುಂಬಬಾರದು. ಹೊಲಿಗೆ ಹಾಕುವ ಮೊದಲು ವೈದ್ಯರು ಅವೆಲ್ಲವನ್ನೂ ಉಜ್ಜಿ ತೆಗೆಯಬೇಕಾಗುತ್ತದೆ. ಗಾಯವು ಚಿಕ್ಕದಾಗಿದ್ದರೂ ಧನುರ್ವಾಯು ಲಸಿಕೆಯ ಅಗತ್ಯದ ಬಗ್ಗೆ ವೈದ್ಯರನ್ನು ಕೇಳತಕ್ಕದ್ದು.

ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದು, ಬಲವಾಗಿ ಒತ್ತಿದರೂ ನಿಲ್ಲದೆ ಜೀವಕ್ಕೆ ಅಪಾಯ ಎದುರಾದಾಗ ಮಾತ್ರ ಬಿಗಿಕಟ್ಟನ್ನು ಹಾಕಬಹುದು. ಕನಿಷ್ಠ 4 ಸೆಂ.ಮೀ. ಅಗಲದ ಬಟ್ಟೆಪಟ್ಟಿಯನ್ನು ಗಾಯಕ್ಕಿಂತ ಸುಮಾರು 5ರಿಂದ 7 ಸೆಂ.ಮೀ. ಮೇಲೆ, ಕೀಲಿನ ಮೇಲೆ ಬಾರದಂತೆ ಕಟ್ಟಿ, ಗಂಟಿನಲ್ಲಿ ಸೌಟಿನ ಹಿಡಿಯನ್ನು ಸೇರಿಸಿ ರಕ್ತ ನಿಲ್ಲುವವರೆಗೆ ತಿರುಚಬೇಕು. ಕಟ್ಟಿದ ಸಮಯವನ್ನು ಬರೆದಿಡಬೇಕು ಮತ್ತು ಅದನ್ನು ವೈದ್ಯರೇ ಬಿಚ್ಚಬೇಕು. ತೆಳುವಾದ ದಾರ, ತಂತಿ ಅಥವಾ ಹಗ್ಗ ಬಳಸಬಾರದು.

ಬೆರಳು ತುಂಡಾಗಿದ್ದಲ್ಲಿ ಆ ತುಂಡನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ನೀರು ಹೋಗದಂತೆ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನ ಪಾತ್ರೆಯಲ್ಲಿಟ್ಟು ರೋಗಿಯ ಜೊತೆಯಲ್ಲಿಯೇ ಕೊಂಡೊಯ್ಯಬೇಕು. ತುಂಡನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬಾರದು.

ಮೂಗಿನಿಂದ ರಕ್ತ ಬರುತ್ತಿದ್ದಲ್ಲಿ ಕುಳಿತು ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೃದುಭಾಗವನ್ನು 10 ನಿಮಿಷ ಹಿಡಿದು ಬಾಯಿಯಿಂದ ಉಸಿರಾಡಬೇಕು. ತಲೆಯನ್ನು ಹಿಂದಕ್ಕೆ ಎತ್ತಿದರೆ ರಕ್ತವು ಗಂಟಲಿಗೆ ಇಳಿಯುತ್ತದೆ.

6. ಸುಟ್ಟ ಗಾಯ

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ನೆಲಕ್ಕೆ ಮಲಗಿ ಉರುಳಬೇಕು. ಬಳಿ ಇರುವವರು ನೀರು ಸುರಿಯಬೇಕು ಅಥವಾ ದಪ್ಪ ಕಂಬಳಿಯಿಂದ ಬೆಂಕಿ ಆರಿಸಬೇಕು. ನೈಲಾನ್ ಮುಂತಾದ ಕೃತಕ ನೂಲಿನ ಹೊದಿಕೆಯನ್ನು ಬಳಸಬಾರದು.

ಬೆಂಕಿ, ಕುದಿಯುವ ನೀರು, ಸಾರು, ಎಣ್ಣೆ ಅಥವಾ ಹಬೆಯಿಂದ ಸುಟ್ಟ ಭಾಗದ ಮೇಲೆ ತಂಪಾದ ನೀರನ್ನು 20 ನಿಮಿಷಗಳ ಕಾಲ ಹರಿಸಬೇಕು. ನಲ್ಲಿ ಇಲ್ಲದಿದ್ದಲ್ಲಿ ಬಕೆಟ್ಟಿನಿಂದ ಚೊಂಬಿನಲ್ಲಿ ನಿಧಾನವಾಗಿ ಸುರಿಯುತ್ತಿರಬಹುದು. ನೀರಿನ ಕೊರತೆ ಇರುವ ಕಡೆ ಸುಟ್ಟ ಕೈಯನ್ನು ಶುದ್ಧ ನೀರಿನ ಪಾತ್ರೆಯಲ್ಲಿ ಮುಳುಗಿಸಿ ಇಡಬಹುದು. ಚರ್ಮದ ಮೇಲ್ಭಾಗದಲ್ಲಿ ಬೆಂಕಿ ಆರಿದ್ದರೂ ಒಳಪದರದಲ್ಲಿ ಶಾಖವು ಉಳಿದು ಸುಡುವುದನ್ನು ಮುಂದುವರಿಸುತ್ತದೆ. ಆ ಶಾಖವನ್ನು ಹೊರತೆಗೆಯುವುದು ನೀರು ಮಾತ್ರ. ಸುಟ್ಟು ಸ್ವಲ್ಪ ಸಮಯ ಕಳೆದಿದ್ದರೂ, ಮೂರು ಗಂಟೆಗಳ ಒಳಗಾಗಿ ಹೀಗೆ ತಂಪುಗೊಳಿಸುವುದರಿಂದ ಪ್ರಯೋಜನವಿದೆ. ಮಂಜುಗಡ್ಡೆಯನ್ನು ಇಡಬಾರದು. ಚಿಕ್ಕ ಮಕ್ಕಳಲ್ಲಿ ಸುಟ್ಟ ಭಾಗವು ದೊಡ್ಡದಾಗಿದ್ದರೆ ಉಳಿದ ಮೈಯನ್ನು ಒಣ ಬಟ್ಟೆಯಿಂದ ಹೊದಿಸಿ ಬೆಚ್ಚಗಿಡಬೇಕು.

ನೀರು ಹರಿಸುತ್ತಿರುವಾಗಲೇ ಉಂಗುರ, ಬಳೆ, ಕಾಲುಂಗುರ, ಗಡಿಯಾರಗಳನ್ನು ತೆಗೆಯಬೇಕು. ಊತ ಬಂದ ನಂತರ ಅವು ಬಿಗಿದು ರಕ್ತಸಂಚಾರಕ್ಕೆ ಅಡ್ಡಿಯಾಗುತ್ತವೆ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು, ಬೊಬ್ಬೆಗಳನ್ನು ಒಡೆಯಬಾರದು. ಬಳಿಕ ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆಯನ್ನು ಅಥವಾ ನೂಲು ಬಿಡದ ತೆಳುವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಬೇಕು.

ಟೂತ್‌ಪೇಸ್ಟ್, ಶಾಯಿ, ದೋಸೆಹಿಟ್ಟು, ಬೆಣ್ಣೆ, ತುಪ್ಪ, ಮೊಟ್ಟೆಯ ಬಿಳಿಭಾಗ, ಅರಿಶಿನ ಇವುಗಳನ್ನು ಹಚ್ಚಬಾರದು. ಇವುಗಳಿಂದ ಸೋಂಕು ತಗಲುವ ಸಾಧ್ಯತೆ ಇದ್ದು, ಸುಟ್ಟ ಆಳವನ್ನು ವೈದ್ಯರು ಅಂದಾಜಿಸುವುದೂ ಕಷ್ಟವಾಗುತ್ತದೆ. ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗಗಳ ಸುಟ್ಟ ಗಾಯ, ವಿದ್ಯುತ್‌ನಿಂದಾದ ಗಾಯ, ಬಾಧಿತರ ಅಂಗೈಗಿಂತ ದೊಡ್ಡದಾದ ಗಾಯ ಹಾಗೂ ಮಕ್ಕಳ ಮತ್ತು ವೃದ್ಧರ ಸುಟ್ಟ ಗಾಯಗಳಿಗೆ ಆಸ್ಪತ್ರೆಯ ಚಿಕಿತ್ಸೆ ಕಡ್ಡಾಯ.

7. ನಾಯಿ ಮತ್ತಿತರ ಪ್ರಾಣಿಗಳ ಕಡಿತ

ನಾಯಿ, ಬೆಕ್ಕು, ಮಂಗ ಮುಂತಾದ ಪ್ರಾಣಿಗಳು ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ ಪೂರ್ಣ 15 ನಿಮಿಷ ತೊಳೆಯಬೇಕು. ಬಟ್ಟೆ ಒಗೆಯುವ ಸಾಬೂನಾದರೂ ಸರಿ. ರೇಬಿಸ್ ವೈರಾಣುವಿನ ಹೊರಪದರವು ಕೊಬ್ಬಿನಿಂದ ಕೂಡಿದ್ದು, ಸಾಬೂನು ಅದನ್ನು ಕರಗಿಸುತ್ತದೆ. ಇದು ಪ್ರತಿಯೊಂದು ಮನೆಯಲ್ಲಿಯೂ ಲಭ್ಯವಿರುವ, ಖರ್ಚಿಲ್ಲದ ಮತ್ತು ನಿಜವಾಗಿಯೂ ಪ್ರಾಣ ಉಳಿಸುವ ಕ್ರಮವಾಗಿದೆ. ಆದರೆ ಇದು ಲಸಿಕೆಗೆ ಬದಲಿಯಲ್ಲ.

ಮೆಣಸಿನಪುಡಿ, ಸುಣ್ಣ, ಎಣ್ಣೆ, ಸೊಪ್ಪಿನ ರಸ ಇತ್ಯಾದಿ ಹಚ್ಚಬಾರದು. ಗಾಯವನ್ನು ಬಿಗಿಯಾಗಿ ಕಟ್ಟಬಾರದು. ಅದೇ ದಿನ ಆಸ್ಪತ್ರೆಗೆ ತೆರಳಿ ರೇಬಿಸ್ ನಿರೋಧಕ ಲಸಿಕೆ ಆರಂಭಿಸಬೇಕು. ಚರ್ಮದೊಳಗೆ ನೀಡುವ ಲಸಿಕೆಯನ್ನು ಮೊದಲ ದಿನವನ್ನು 0 ಎಂದು ಎಣಿಸಿ 0, 3, 7 ಮತ್ತು 28ನೇ ದಿನಗಳಂದು ನೀಡಲಾಗುತ್ತದೆ. ರಕ್ತ ಬಂದ ಕಡಿತವಾಗಿದ್ದಲ್ಲಿ ಗಾಯದ ಸುತ್ತ ಪ್ರತಿಕಾಯಗಳ ಚುಚ್ಚುಮದ್ದು ಸಹ ಬೇಕಾಗುತ್ತದೆ. ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ನಂತರ ರೋಗಿಯು ಬದುಕುಳಿಯುವುದು ಅತಿ ವಿರಳವಾದುದರಿಂದ ಯಾವುದೇ ಒಂದು ದಿನದ ಲಸಿಕೆಯನ್ನೂ ತಪ್ಪಿಸಬಾರದು.

8. ಹಾವು ಕಡಿತ

2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನರು ಮೃತಪಟ್ಟಿರುವುದಾಗಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಮಾಡಬೇಕಾದದ್ದು: ವ್ಯಕ್ತಿಗೆ ಧೈರ್ಯ ಹೇಳಿ ಮಲಗಿಸಬೇಕು. ನಡೆಸಬಾರದು, ಓಡಿಸಬಾರದು. ಕಡಿತವಾದ ಅಂಗದ ಉಂಗುರ, ಬಳೆ, ಕಾಲುಂಗುರ, ಗೆಜ್ಜೆ, ಪಾದರಕ್ಷೆಗಳನ್ನು ತೆಗೆಯಬೇಕು. ಮುರಿದ ಮೂಳೆಗೆ ಕಟ್ಟುವಂತೆಯೇ ಮಡಿಸಿದ ದಿನಪತ್ರಿಕೆ ಅಥವಾ ದಬ್ಬೆಯನ್ನು ಇಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ ಅಂಗವನ್ನು ಅಲುಗದಂತೆ ಇರಿಸಬೇಕು. ಸ್ನಾಯುಗಳು ಚಲಿಸಿದಷ್ಟೂ ವಿಷವು ಬೇಗನೆ ಹರಡುತ್ತದೆ. ಕಡಿದ ಸಮಯವನ್ನು ಬರೆದುಕೊಂಡು ವಿಳಂಬವಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾಡಬಾರದದ್ದು: ಗಾಯದ ಮೇಲ್ಭಾಗದಲ್ಲಿ ಹಗ್ಗ, ದಾರ, ಟವೆಲ್ ಬಿಗಿಯಬಾರದು. ಬಿಗಿದ ಅಂಗಕ್ಕೆ ರಕ್ತಸಂಚಾರ ನಿಂತು ಅದು ಕೊಳೆಯುವ ಸಂಭವವಿದೆ. ಗಾಯವನ್ನು ಬ್ಲೇಡಿನಿಂದ ಕೊಯ್ಯಬಾರದು, ಬಾಯಿಯಿಂದ ಹೀರಬಾರದು, ಮಂಜುಗಡ್ಡೆ ಇಡಬಾರದು. ಮಂತ್ರ, ನಾಟಿ ಔಷಧಗಳಿಗಾಗಿ ಸಮಯ ಕಳೆಯಬಾರದು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಈ ನಾಲ್ಕು ವಿಷಸರ್ಪಗಳ ಕಡಿತಕ್ಕೆ ಒಂದೇ ಪ್ರತಿವಿಷ ಔಷಧವು ಅನ್ವಯವಾಗುತ್ತದೆ. ಆ ಔಷಧವು ಮನೆಯಲ್ಲಿ ದೊರೆಯುವ ಯಾವುದೇ ವಸ್ತುವಿನಲ್ಲಿ ಇಲ್ಲ. ಕಟ್ಟುಹಾವು ಸಾಮಾನ್ಯವಾಗಿ ರಾತ್ರಿ ವೇಳೆ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಗಾಯದ ಗುರುತಾಗಲೀ ನೋವಾಗಲೀ ಇಲ್ಲದಿರಬಹುದು. ನೆಲದ ಮೇಲೆ ಮಲಗಿದ್ದವರಿಗೆ ಎದ್ದಾಗ ಹೊಟ್ಟೆನೋವು, ರೆಪ್ಪೆಗಳು ಜೋತುಬೀಳುವುದು, ಮಾತು ತೊದಲುವುದು ಕಂಡುಬಂದಲ್ಲಿ ಹಾವು ಕಡಿತವೆಂದು ಶಂಕಿಸಿ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

9. ಮೂಳೆ ಮುರಿತ ಮತ್ತು ಉಳುಕು

ಮುರಿದ ಅಂಗವನ್ನು ಇದ್ದ ಸ್ಥಿತಿಯಲ್ಲಿಯೇ ಆಸರೆಗೊಳಿಸಬೇಕು. ಎಳೆದು ನೇರ ಮಾಡಲು ಯತ್ನಿಸಬಾರದು. ಮುಂಗೈ ಮುರಿದಿದ್ದಲ್ಲಿ ದಪ್ಪವಾಗಿ ಮಡಿಸಿದ ದಿನಪತ್ರಿಕೆಯ ಮೇಲೆ ಟವೆಲ್ ಹಾಸಿ ಕೈಯನ್ನು ಅದರಲ್ಲಿರಿಸಿ, ಮುರಿದ ಜಾಗದ ಮೇಲಲ್ಲದೆ ಅದರ ಎರಡೂ ಬದಿಗಳಲ್ಲಿ ಕಟ್ಟಬೇಕು. ಆಸರೆಯು ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡನ್ನೂ ಒಳಗೊಳ್ಳುವಷ್ಟು ಉದ್ದವಿರಬೇಕು. ನಂತರ ದುಪಟ್ಟಾವನ್ನು ತ್ರಿಕೋನಾಕಾರವಾಗಿ ಮಡಿಸಿ ಕೈಯನ್ನು ಕುತ್ತಿಗೆಯಿಂದ ತೂಗುಹಾಕಬೇಕು. ಕಾಲು ಮುರಿದಿದ್ದಲ್ಲಿ ಎರಡೂ ಕಾಲುಗಳ ನಡುವೆ ಮಡಿಸಿದ ಹೊದಿಕೆ ಇಟ್ಟು ಮುರಿದ ಕಾಲನ್ನು ಸರಿಯಾದ ಕಾಲಿಗೆ ಸೇರಿಸಿ ಕಟ್ಟಬಹುದು.

ಕಟ್ಟಿದ ನಂತರ ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಕಟ್ಟನ್ನು ಸಡಿಲಿಸಬೇಕು. ಎಣ್ಣೆ ಹಚ್ಚಿ ನೀವುವುದು, ಎಕ್ಸ್‌ರೇ ತೆಗೆಸದೆ ಬಿಗಿಯಾದ ನಾಟಿ ಕಟ್ಟು ಹಾಕಿಸುವುದು ಅಪಾಯಕರ. ಮರದಿಂದ ಅಥವಾ ಮಾಳಿಗೆಯಿಂದ ಬಿದ್ದವರ ಕುತ್ತಿಗೆ ಇಲ್ಲವೇ ಬೆನ್ನಿಗೆ ಪೆಟ್ಟಾಗಿರುವ ಶಂಕೆ ಇದ್ದಲ್ಲಿ ಅವರನ್ನು ಎತ್ತಿ ಕೂರಿಸದೆ, ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿದು ಆಂಬ್ಯುಲೆನ್ಸ್‌ಗಾಗಿ ಕಾಯಬೇಕು. ಉಳುಕಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಬಹುದು.

10. ವಿಷ ಸೇವನೆ ಮತ್ತು ರಾಸಾಯನಿಕಗಳ ಸ್ಪರ್ಶ

ಕೀಟನಾಶಕ, ಸೀಮೆಎಣ್ಣೆ, ಶೌಚಾಲಯ ತೊಳೆಯುವ ಆಮ್ಲ ಇತ್ಯಾದಿ ಸೇವಿಸಿದವರಿಗೆ ಉಪ್ಪುನೀರು, ಹುಣಸೆನೀರು, ಸಾಬೂನು ನೀರು ಕುಡಿಸಿ ವಾಂತಿ ಮಾಡಿಸಬಾರದು. ಸೀಮೆಎಣ್ಣೆಯು ವಾಂತಿಯ ವೇಳೆ ಶ್ವಾಸಕೋಶವನ್ನು ಸೇರುತ್ತದೆ. ಆಮ್ಲವು ಹೊರಬರುವಾಗ ಅನ್ನನಾಳವನ್ನು ಎರಡನೇ ಬಾರಿ ಸುಡುತ್ತದೆ. ವಿಷದ ಡಬ್ಬಿಯನ್ನು ಹೆಸರಿನ ಚೀಟಿಯ ಸಹಿತ ಆಸ್ಪತ್ರೆಗೆ ಒಯ್ಯಬೇಕು. ಕೀಟನಾಶಕವು ಮೈಮೇಲೆ ಚೆಲ್ಲಿದ್ದಲ್ಲಿ, ನೆರವು ನೀಡುವವರು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಬಾಧಿತರ ಬಟ್ಟೆಗಳನ್ನು ತೆಗೆದು ಕೂದಲು ಸಮೇತ ಮೈಯನ್ನು ಸಾಬೂನಿನಿಂದ ತೊಳೆಯಬೇಕು.

ಎಲೆ ಅಡಿಕೆಯ ಸುಣ್ಣವು ಮಕ್ಕಳ ಕಣ್ಣಿಗೆ ಸಿಡಿಯುವ ಪ್ರಕರಣಗಳಲ್ಲಿ ದೃಷ್ಟಿ ನಷ್ಟದ ಅಪಾಯವಿದೆ. ಬಾಧಿತ ಕಣ್ಣು ಕೆಳಭಾಗಕ್ಕೆ ಬರುವಂತೆ ತಲೆ ಓರೆ ಮಾಡಿ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಚೊಂಬಿನಿಂದ ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಹರಿಸಿ ನಂತರ ಕಣ್ಣಿನ ವೈದ್ಯರ ಬಳಿ ಕರೆದೊಯ್ಯಬೇಕು. ಹರಳೆಣ್ಣೆ, ತುಪ್ಪ, ಎದೆಹಾಲು ಹಾಕಬಾರದು.

11. ವಾಂತಿ-ಭೇದಿ

ಭೇದಿಯಲ್ಲಿ ಪ್ರಾಣಾಪಾಯ ಉಂಟಾಗುವುದು ಮುಖ್ಯವಾಗಿ ದೇಹದ ನೀರು ಮತ್ತು ಲವಣಾಂಶಗಳ ನಷ್ಟದಿಂದ. ಓ.ಆರ್.ಎಸ್. ಪೊಟ್ಟಣವು ಅತ್ಯುತ್ತಮ. ಅದು ದೊರೆಯುವವರೆಗೆ ಮನೆಯಲ್ಲಿಯೇ ಈ ಕೆಳಗಿನಂತೆ ದ್ರಾವಣ ತಯಾರಿಸಬಹುದು:

- ಕುದಿಸಿ ಆರಿಸಿದ ನೀರು: 1 ಲೀಟರ್
- ಸಕ್ಕರೆ: 6 ಚಹಾ ಚಮಚ (5 ಮಿ.ಲೀ. ಅಳತೆ, ಗೋಪುರವಿಲ್ಲದೆ ಸಮತಟ್ಟಾಗಿ)
- ಉಪ್ಪು: ಅರ್ಧ ಚಹಾ ಚಮಚ (ಸಮತಟ್ಟಾಗಿ)

ಅಳತೆಯಲ್ಲಿ ವ್ಯತ್ಯಾಸವಾಗಬಾರದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿಯು ಹೆಚ್ಚುತ್ತದೆ. ದ್ರಾವಣವು ಕಣ್ಣೀರಿಗಿಂತ ಉಪ್ಪಾಗಿರಬಾರದು. ಪ್ರತಿ ಬಾರಿ ಭೇದಿಯಾದ ನಂತರ 2 ವರ್ಷದೊಳಗಿನ ಮಕ್ಕಳಿಗೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200 ಮಿ.ಲೀ. ಹಾಗೂ ಅದಕ್ಕಿಂತ ದೊಡ್ಡವರಿಗೆ ಬೇಕೆನಿಸಿದಷ್ಟು ಕುಡಿಸಬೇಕು. ವಾಂತಿಯಾದಲ್ಲಿ 10 ನಿಮಿಷ ಬಿಟ್ಟು ಚಮಚದಿಂದ ನಿಧಾನವಾಗಿ ಮುಂದುವರಿಸಬೇಕು. ಉಳಿದ ದ್ರಾವಣವನ್ನು 24 ಗಂಟೆಗಳ ನಂತರ ಚೆಲ್ಲಬೇಕು. ಎದೆಹಾಲು ಮತ್ತು ಊಟವನ್ನು ನಿಲ್ಲಿಸಬಾರದು. ಉಪ್ಪು ಹಾಕಿದ ಗಂಜಿ, ಮಜ್ಜಿಗೆಗಳನ್ನೂ ನೀಡಬಹುದು. ಕಣ್ಣು ಗುಳಿಬಿದ್ದಿದ್ದರೆ, ಮಗು ಮಂಕಾಗಿದ್ದರೆ, ಕುಡಿಯಲು ಅಶಕ್ತವಾಗಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

12. ಇತರ ತುರ್ತು ಸಂದರ್ಭಗಳು

(ಅ) ಫಿಟ್ಸ್: ಕೈಗೆ ಬೀಗದ ಕೈ ಅಥವಾ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ಇಡುವುದು ನಿಷ್ಪ್ರಯೋಜಕ ಹಾಗೂ ಹಾನಿಕರ. ತಲೆಯ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಸೆಳೆತ ನಿಂತ ಬಳಿಕ ಮಗ್ಗುಲಿಗೆ ಮಲಗಿಸಬೇಕು. ಸೆಳೆತವು 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು.

(ಆ) ಬಿಸಿಲಿನ ಆಘಾತ: ಮೈ ಕಾದು, ಮಾತು ಅಸಂಬದ್ಧವಾದಲ್ಲಿ ನೆರಳಿಗೆ ಸಾಗಿಸಿ, ಒದ್ದೆ ಪಂಚೆಯನ್ನು ಮೈಮೇಲೆ ಹೊದಿಸಿ, ನೀರು ಚಿಮುಕಿಸುತ್ತ ಬೀಸಣಿಗೆಯಿಂದ ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಬೇಕು.

(ಇ) ಎದೆನೋವು: ಎದೆ ಬಿಗಿತ, ಬೆವರು, ಎಡತೋಳು ಅಥವಾ ದವಡೆಗೆ ಹರಡುವ ನೋವನ್ನು 'ಗ್ಯಾಸ್' ಎಂದು ಭಾವಿಸಿ ಸೋಡಾ, ಶುಂಠಿ ಕಷಾಯ ಕುಡಿಸುತ್ತ ಕಾಯಬಾರದು. ವ್ಯಕ್ತಿಯನ್ನು ಒರಗಿಸಿ ಕೂರಿಸಿ, ನಡೆಸದೆ ಆಸ್ಪತ್ರೆಗೆ ಸಾಗಿಸಬೇಕು.

(ಈ) ಗಂಟಲಲ್ಲಿ ಸಿಕ್ಕಿಕೊಳ್ಳುವುದು: ಕೆಮ್ಮಲು ಅಥವಾ ಮಾತನಾಡಲು ಆಗದಿದ್ದಲ್ಲಿ ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲ್ಭಾಗಕ್ಕೆ 5 ಬಾರಿ ಗುದ್ದಬೇಕು. ಹೊರಬರದಿದ್ದಲ್ಲಿ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು 5 ಬಾರಿ ಒಳಕ್ಕೆ ಮತ್ತು ಮೇಲಕ್ಕೆ ಒತ್ತಬೇಕು. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತದೆ, ಬೆನ್ನಿಗೆ 5 ಬಾರಿ ತಟ್ಟಿ, ಎದೆಯ ಮಧ್ಯಭಾಗವನ್ನು ಎರಡು ಬೆರಳುಗಳಿಂದ 5 ಬಾರಿ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯಿಯೊಳಗೆ ಬೆರಳು ಹಾಕಿ ತಡಕಾಡಬಾರದು.

13. ನೆರವು ನೀಡುವವರಿಗೆ ರಕ್ಷಣೆ ಮತ್ತು ಚಿಕಿತ್ಸೆಯ ಹಕ್ಕು

ಪೊಲೀಸ್ ಮತ್ತು ನ್ಯಾಯಾಲಯದ ತೊಂದರೆಗೆ ಅಂಜಿ ಗಾಯಾಳುಗಳಿಗೆ ನೆರವಾಗಲು ಹಿಂಜರಿಯುವ ಅಗತ್ಯವಿಲ್ಲ. ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಸೇರಿಸಲಾದ 134ಎ ಪ್ರಕರಣದ ಮೇರೆಗೆ, ರಸ್ತೆ ಅಪಘಾತದಲ್ಲಿ ಸದ್ಭಾವನೆಯಿಂದ ನೆರವು ನೀಡಿದವರು ಗಾಯಾಳುವಿಗೆ ಉಂಟಾದ ಹಾನಿಗೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗಾರರಾಗುವುದಿಲ್ಲ. ತಮ್ಮ ಹೆಸರು, ವಿಳಾಸ ತಿಳಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ.

ತುರ್ತು ಸ್ಥಿತಿಯಲ್ಲಿರುವ ಗಾಯಾಳುವಿಗೆ ಚಿಕಿತ್ಸೆ ನೀಡುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪು ನೀಡಿದೆ. 2025ರಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ಯೋಜನೆಯಂತೆ, ಮೋಟಾರು ವಾಹನ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನಾಂಕದಿಂದ 7 ದಿನಗಳವರೆಗೆ, ತಲಾ ರೂ. 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಮುಂದೆ ವಿಮೆ ಅಥವಾ ಪರಿಹಾರಕ್ಕಾಗಿ ಅರ್ಜಿ ಸಲ್ಲಿಸುವ ಸಂದರ್ಭ ಒದಗಿದಲ್ಲಿ ಆಸ್ಪತ್ರೆಯ ದಾಖಲೆಗಳೇ ಆಧಾರ. ಮನೆಮದ್ದು ಅಥವಾ ನಾಟಿ ಚಿಕಿತ್ಸೆಯಲ್ಲಿಯೇ ಕಾಲ ಕಳೆದ ಪ್ರಕರಣಗಳಲ್ಲಿ ಇಂತಹ ದಾಖಲೆ ಇರುವುದಿಲ್ಲ. ಹೊರರೋಗಿ ಚೀಟಿ, ಬಿಡುಗಡೆ ಪತ್ರ ಮತ್ತು ರಸೀದಿಗಳನ್ನು ಜೋಪಾನವಾಗಿಡತಕ್ಕದ್ದು. ಆದರೆ ಗುರುತಿನ ಚೀಟಿ ಅಥವಾ ಪಡಿತರ ಚೀಟಿಯನ್ನು ಹುಡುಕುವ ಕಾರಣದಿಂದ ರೋಗಿಯನ್ನು ಸಾಗಿಸುವುದನ್ನು ತಡಮಾಡಬಾರದು. ಅವುಗಳನ್ನು ನಂತರ ತಂದು ಒದಗಿಸಬಹುದು.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅರಿಶಿನವು ನಂಜುನಿರೋಧಕವಲ್ಲವೇ? ಗಾಯಕ್ಕೆ ಹಚ್ಚಿದರೆ ತಪ್ಪೇನು?
ಉತ್ತರ: ಅಡುಗೆಮನೆಯ ಡಬ್ಬಿಯಲ್ಲಿರುವ ಅರಿಶಿನಪುಡಿಯು ಸೂಕ್ಷ್ಮಾಣುರಹಿತವಲ್ಲ. ಆಳವಾದ ಗಾಯಕ್ಕೆ ತುಂಬಿದಾಗ ಅದು ಧೂಳಿನಂತೆಯೇ ಒಳಗೆ ಉಳಿಯುತ್ತದೆ. ಗಾಯಕ್ಕೆ ಮೊದಲು ಬೇಕಾದದ್ದು ಒತ್ತಡ ಮತ್ತು ಸ್ವಚ್ಛತೆ.

ಪ್ರಶ್ನೆ: ಕಡಿದ ಹಾವನ್ನು ಹಿಡಿದು ತರಬೇಕೇ?
ಉತ್ತರ: ಬೇಡ. ಹಿಡಿಯಲು ಹೋದವರಿಗೂ ಕಡಿಯುವ ಅಪಾಯವಿದೆ. ದೂರದಿಂದ ಸುರಕ್ಷಿತವಾಗಿ ಮೊಬೈಲಿನಲ್ಲಿ ಚಿತ್ರ ತೆಗೆಯಲು ಸಾಧ್ಯವಾದರೆ ಸಾಕು. ಚಿಕಿತ್ಸೆಯನ್ನು ರೋಗಿಯ ಲಕ್ಷಣಗಳನ್ನು ಆಧರಿಸಿ ನೀಡಲಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ಸಾಕಿದ, ಲಸಿಕೆ ಹಾಕಿಸಿದ ನಾಯಿ ಕಚ್ಚಿದರೂ ಆಸ್ಪತ್ರೆಗೆ ಹೋಗಬೇಕೇ?
ಉತ್ತರ: ಹೋಗಬೇಕು. ಸಾಬೂನಿನಿಂದ ತೊಳೆದ ನಂತರ, ಲಸಿಕೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ನಾಯಿಯನ್ನು 10 ದಿನ ಗಮನಿಸುವ ನೆಪದಲ್ಲಿ ಚಿಕಿತ್ಸೆಯನ್ನು ಮುಂದೂಡಬಾರದು.

ಪ್ರಶ್ನೆ: ಆಂಬ್ಯುಲೆನ್ಸ್ ಬರುವುದು ತಡವಾದರೆ ಏನು ಮಾಡಬೇಕು?
ಉತ್ತರ: 108ಕ್ಕೆ ತಿಳಿಸಿ, ಲಭ್ಯವಿರುವ ವಾಹನದಲ್ಲಿ ಸಮೀಪದ ಆಸ್ಪತ್ರೆಗೆ ಕರೆದೊಯ್ಯಬಹುದು. ಬೆನ್ನುಮೂಳೆಗೆ ಪೆಟ್ಟಾಗಿರುವ ಶಂಕೆ ಇದ್ದಲ್ಲಿ ಮಾತ್ರ, ಬೆಂಕಿ ಇತ್ಯಾದಿ ಬೇರೆ ಅಪಾಯವಿಲ್ಲದಿದ್ದರೆ, ಆಂಬ್ಯುಲೆನ್ಸ್‌ಗಾಗಿ ಕಾಯುವುದು ಸೂಕ್ತ.

15. ಸಾರ್ವಜನಿಕರಲ್ಲಿ ವಿನಂತಿ

ಪ್ರತಿಯೊಂದು ಮನೆಯವರೂ ಒಗೆದು ಇಸ್ತ್ರಿ ಮಾಡಿದ ನಾಲ್ಕು ಹತ್ತಿ ಬಟ್ಟೆಗಳು, ಒಂದು ದುಪಟ್ಟಾ, ಎರಡು ಸ್ವಚ್ಛ ಪ್ಲಾಸ್ಟಿಕ್ ಚೀಲ, ಒಂದು ಹೊಸ ಸಾಬೂನು, ಎರಡು ಓ.ಆರ್.ಎಸ್. ಪೊಟ್ಟಣ, ಕತ್ತರಿ, ಬ್ಯಾಟರಿ, ಪೆನ್ನು ಮತ್ತು ಕಾಗದ ಇವುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಮನೆಯ ಎಲ್ಲರಿಗೂ ತಿಳಿದಿರುವ ಜಾಗದಲ್ಲಿ ಇಡಲು ಕೋರಲಾಗಿದೆ. ಡಬ್ಬಿಯ ಮುಚ್ಚಳದ ಮೇಲೆ 108, 112 ಮತ್ತು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ದೂರವಾಣಿ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಬೇಕು. ಕೀಟನಾಶಕ, ಸೀಮೆಎಣ್ಣೆ, ಆಮ್ಲಗಳನ್ನು ನೀರಿನ ಅಥವಾ ತಂಪುಪಾನೀಯದ ಬಾಟಲಿಗಳಲ್ಲಿ ತುಂಬಿಡಬಾರದು.

ಸೂಚನೆ: ಈ ಪುಟದಲ್ಲಿನ ಮಾಹಿತಿಯು ವೈದ್ಯಕೀಯ ನೆರವು ದೊರೆಯುವವರೆಗಿನ ಅವಧಿಗೆ ಮಾತ್ರ ಸಂಬಂಧಿಸಿದ್ದು, ವೈದ್ಯರ ಚಿಕಿತ್ಸೆಗೆ ಪರ್ಯಾಯವಲ್ಲ.